ಮಡಿವಾಳನ ಸಾಕ್ಷಿ

ಕಾವೇರಿ ದಂಡೆಯಲ್ಲಿ ಹುಟ್ಟಿದವರಿಗೆ ಮೂರು ರಂಗನಾಥರ ಲೆಕ್ಕ ಬಾಯಿಪಾಠ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂವರೂ ಹೊಳೆಯ ನಡುಗಡ್ಡೆಯಲ್ಲೇ ಮಲಗಿದ್ದಾರೆ. ನಾನು ಹುಟ್ಟಿದ್ದು ಆದಿರಂಗನ ಹತ್ತಿರದ ಒಂದು ಹಳ್ಳಿಯಲ್ಲಿ. ಮೈಸೂರಿನಲ್ಲಿ ಎಂ.ಕಾಂ. ಮುಗಿಸಿ, ಬ್ಯಾಂಕಿನ ನೌಕರಿ ಹಿಡಿದು, ಊರೂರು ಅಲೆದು, ನಿವೃತ್ತನಾದ ಮೇಲೆ ಮನೆ ಮಾಡಿಕೊಂಡಿರುವುದು ಅಂತ್ಯರಂಗನ ಎದುರು ದಡದ ತಿರುಚಿರಾಪಳ್ಳಿಯಲ್ಲಿ. ನೀರು ಹರಿದ ದಾರಿಯಲ್ಲೇ ನಾನೂ ಬಂದೆ ಅಂತ ಊರಿನವರು ತಮಾಷೆ ಮಾಡುತ್ತಾರೆ. "ನೀರಾದರೂ ಕೋರ್ಟು ಹೇಳಿದಷ್ಟೇ ಹೋಗುತ್ತೆ, ನೀನು ಪೂರ್ತಿ ಹೋಗಿಬಿಟ್ಟೆಯಲ್ಲಯ್ಯ" ಅನ್ನುತ್ತಾನೆ ನನ್ನ ಬಾಲ್ಯದ ಗೆಳೆಯನೊಬ್ಬ.

ಊರಿನಿಂದ ಯಾರೇ ಬಂದರೂ ಅವರನ್ನು ಸುತ್ತಾಡಿಸುವ ಕೆಲಸ ನನ್ನ ಪಾಲಿಗೆ ಬರುತ್ತೆ. ನಿವೃತ್ತನಾದವನಿಗೆ ಬೇರೇನು ಕೆಲಸ? ಬೆಳಿಗ್ಗೆ ಬಂಡೆಕೋಟೆ. ಅಲ್ಲಿ ಪಲ್ಲವರ ಮಹೇಂದ್ರವರ್ಮ ಏಳನೆಯ ಶತಮಾನದಲ್ಲಿ ಕೊರೆಸಿದ ಗುಹಾಲಯವಿದೆ, ಅದಕ್ಕೂ ಹಿಂದೆ ಜೈನ ಮುನಿಗಳು ಮಲಗುತ್ತಿದ್ದ ಕಲ್ಲುಹಾಸಿಗೆಗಳಿವೆ, ನೆತ್ತಿಯ ಮೇಲೆ ಉಚ್ಚಿ ಪಿಳ್ಳೆಯಾರ್ ಎಂಬ ಗಣಪ. ಮೇಲೆ ನಿಂತು ಕೆಳಗೆ ನೋಡಿದರೆ ತೆಪ್ಪಕುಳದ ಪಕ್ಕದಲ್ಲೇ ಲೂರ್ದು ಮಾತೆಯ ಚರ್ಚಿನ ಚೂಪು ಗೋಪುರ. ಅದು ಸೇಂಟ್ ಜೋಸೆಫ್ ಕಾಲೇಜಿನ ಆವರಣದಲ್ಲಿದೆ. ಅಬ್ದುಲ್ ಕಲಾಂ ಅವರು ಬಿ.ಎಸ್ಸಿ. ಓದಿದ್ದು ಇದೇ ಕಾಲೇಜಿನಲ್ಲಿ. ಇನ್ನೊಂದು ಕಡೆಗೆ ನತ್ತರ್ ವಲಿ ದರ್ಗಾ. ಸುಮಾರು ಸಾವಿರ ವರ್ಷದ ಹಿಂದೆ ಬಂದ ಸೂಫಿ ಸಂತ ಅವರು ಅಂತ ಇಲ್ಲಿಯವರ ನಂಬಿಕೆ. ಉತ್ತರಕ್ಕೆ ತಿರುಗಿದರೆ ಹೊಳೆಯಾಚೆ ಶ್ರೀರಂಗದ ರಾಜಗೋಪುರ, 236 ಅಡಿ ಎತ್ತರ. ಬುಡ ಮಾತ್ರ ಕಟ್ಟಿ ನಾಲ್ಕು ಶತಮಾನ ಮೊಂಡಾಗಿ ನಿಂತಿದ್ದ ಆ ಗೋಪುರ ಪೂರ್ತಿಯಾದದ್ದು 1987ರಲ್ಲಿ. ನಾನು ಮೊದಲ ಸಲ ಈ ಊರಿಗೆ ವರ್ಗವಾಗಿ ಬಂದಾಗ ಅದರ ಬಣ್ಣ ಇನ್ನೂ ಹೊಸದಾಗಿತ್ತು.

ಇಷ್ಟೂ ಜಾಗಗಳಲ್ಲಿ ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇನೆ, ಒಂದು ಗಳಿಗೆ ಕೈ ಮುಗಿದು ನಿಲ್ಲುತ್ತೇನೆ. ಎರಡು ವರ್ಷದ ಹಿಂದೆ ಅಣ್ಣನ ಮಗ ಬಂದಿದ್ದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಮಾತು ಚುರುಕು. ದಿನವಿಡೀ ನನ್ನ ಹಿಂದೆ ಸುತ್ತಿ ರಾತ್ರಿ ಊಟಕ್ಕೆ ಕೂತಾಗ ಕೇಳಿದ: "ಚಿಕ್ಕಪ್ಪ, ನಂಬಿದವನು ಕೈ ಮುಗಿದರೆ ಅದು ಭಕ್ತಿ. ನಂಬದವನು ಮುಗಿಯದೇ ಇದ್ದರೆ ಅದು ಪ್ರಾಮಾಣಿಕತೆ. ನಂಬದೇ ಮುಗಿಯೋದು ಏನು? ನೀವೇನು ಯೇಸುವನ್ನ ನಂಬ್ತೀರಾ? ದರ್ಗಾದಲ್ಲಿ ಮಲಗಿರೋರನ್ನ ನಂಬ್ತೀರಾ? ಇಲ್ಲ ಅಂದ್ಮೇಲೆ ಇದು ನಾಟಕ ಅಲ್ವಾ?"

ಅವನು ಕುಹಕಕ್ಕೆ ಕೇಳಿದ್ದಲ್ಲ. ಅವನ ವಯಸ್ಸಿನವರಿಗೆ ಸುಳ್ಳು ಕಂಡರೆ ಆಗುವುದಿಲ್ಲ, ಅದು ಒಳ್ಳೆಯದೇ. ಪ್ರಶ್ನೆ ನನ್ನಲ್ಲಿ ಉಳಿಯಿತು. ಇನ್ನೊಬ್ಬರ ದೇವರ ಮುಂದೆ ನಾವು ಹೇಗೆ ನಿಲ್ಲಬೇಕು? ಹೊರನಾಡಿನಲ್ಲಿ ಬದುಕುವವರಿಗೆ ಇದು ಬರೀ ತತ್ತ್ವದ ಪ್ರಶ್ನೆಯಲ್ಲ. ಪರಊರಿನಲ್ಲಿ ನಮ್ಮ ಸುತ್ತ ಇರುವ ದೇವರುಗಳೆಲ್ಲ ಹೆಚ್ಚು ಕಡಿಮೆ ಇನ್ನೊಬ್ಬರ ದೇವರುಗಳೇ. ನಮ್ಮ ಮಾರಮ್ಮನೇ ಇಲ್ಲಿ ಬೇರೆ ಹೆಸರಿನಲ್ಲಿ, ಬೇರೆ ಭಾಷೆಯಲ್ಲಿ, ಬೇರೆ ನೈವೇದ್ಯಕ್ಕೆ ಕಾಯುತ್ತಾ ಕೂತಿರುತ್ತಾಳೆ.

ಸುಲಭವಾದ ಉತ್ತರಗಳು ಎರಡಿವೆ. ಮೊದಲನೆಯದು, ಇದೆಲ್ಲ ಮರ್ಯಾದೆ ಅನ್ನುವುದು. ಒಬ್ಬರ ಮನೆಗೆ ಹೋದಾಗ ಹಿರಿಯರಿಗೆ ನಮಸ್ಕಾರ ಹೇಳುವುದಿಲ್ಲವೇ, ಹಾಗೆ. ಇದು ಸುಳ್ಳಲ್ಲ, ಆದರೆ ಸಾಲದು. ಮರ್ಯಾದೆಗೆ ಮಾತ್ರವಾಗಿದ್ದರೆ ಬಾಗಿಲಲ್ಲೇ ನಿಂತು ತಲೆ ಬಾಗಿಸಿ ಬಂದರೆ ಸಾಕಿತ್ತು, ಒಳಗೆ ಹೋಗಿ ಒಂದು ಗಳಿಗೆ ಮಾತಿಲ್ಲದೆ ನಿಲ್ಲುವುದು ಯಾಕೆ?

ಎರಡನೆಯದು, ಎಲ್ಲ ದೇವರೂ ಒಂದೇ ಅನ್ನುವುದು. ಭಾಷಣಗಳಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತೆ. ಆದರೆ ಇದನ್ನು ಹೇಳುವಾಗ ನಾವು ಏನು ಮಾಡುತ್ತೇವೆ ನೋಡಿ. ಕಾಲೇಜಿನ ಪಾದ್ರಿಯನ್ನು ಕೇಳಿದರೆ ಅವರು ಒಂದೇ ಅನ್ನುವುದಿಲ್ಲ. ಶ್ರೀರಂಗದ ಆಚಾರ್ಯರೂ ಅನ್ನುವುದಿಲ್ಲ. ದರ್ಗಾದ ಹಿರಿಯರೂ ಅನ್ನುವುದಿಲ್ಲ. ಮೂವರಿಗೂ ಅವರವರ ಧರ್ಮ ಗೊತ್ತಿಲ್ಲ, ನನಗೆ ಗೊತ್ತು ಅಂತ ಹೇಳಿದ ಹಾಗಾಯಿತು ಅದು. ಗೌರವದ ವೇಷದಲ್ಲಿರುವ ಅಹಂಕಾರ.

ಅಕ್ಕಪಕ್ಕ ಇದ್ದ ಮಾತ್ರಕ್ಕೆ ಸೌಹಾರ್ದ ಅನ್ನುವುದೂ ಇಂಥದ್ದೇ. ಪ್ರವಾಸದ ಪುಸ್ತಕಗಳಲ್ಲಿ ಗುಡಿ, ಚರ್ಚು, ಮಸೀದಿ ಮೂರನ್ನೂ ಒಂದೇ ಚಿತ್ರದಲ್ಲಿ ಹಿಡಿದು ಕೆಳಗೆ ಸೌಹಾರ್ದ ಅಂತ ಬರೆದುಬಿಡುತ್ತಾರೆ. ನಮ್ಮ ಶ್ರೀರಂಗಪಟ್ಟಣದಲ್ಲೂ ಹಾಗೆ ಹಿಡಿಯಬಹುದು: ರಂಗನಾಥನ ಗುಡಿ, ಟಿಪ್ಪು ಕಟ್ಟಿಸಿದ ಜಾಮಿಯಾ ಮಸೀದಿ, ಗಂಜಾಮಿನಲ್ಲಿ ಅಬ್ಬೆ ದುಬೋಯ್ ಪಾದ್ರಿಯ ಚರ್ಚು. ಆದರೆ ಒಂದೇ ಲೆಡ್ಜರಿನಲ್ಲಿ ಅಕ್ಕಪಕ್ಕದ ಪುಟದಲ್ಲಿದ್ದ ಮಾತ್ರಕ್ಕೆ ನಾಲ್ಕು ಖಾತೆದಾರರು ನಂಟರಾಗುವುದಿಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ ಏನಾದರೂ ವರ್ಗಾವಣೆ ಆಗಿದೆಯೇ ಅಂತ ನೋಡಬೇಕು. ಬ್ಯಾಂಕಿನವನಿಗೆ ಈ ಬುದ್ಧಿ ಬಿಟ್ಟುಹೋಗುವುದಿಲ್ಲ.

ಅಂಥ ಒಂದು ವರ್ಗಾವಣೆಯ ಕತೆ ಹೇಳುತ್ತೇನೆ. 1991ರಲ್ಲಿ ನಾನು ತಿರುಚಿಯಲ್ಲೇ ಇದ್ದೆ. ಜೂನ್ ತಿಂಗಳಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು. ಡಿಸೆಂಬರಿನಲ್ಲಿ ಅದು ಗೆಜೆಟ್ಟಿನಲ್ಲಿ ಬಂದದ್ದೇ ತಡ, ಬೆಂಗಳೂರಿನಲ್ಲಿ ಗಲಭೆ ಹತ್ತಿಕೊಂಡಿತು. ತಮಿಳರ ಮನೆ ಅಂಗಡಿಗಳಿಗೆ ಬೆಂಕಿ ಬಿತ್ತು, ಸಾವುಗಳಾದವು. ಆ ಸುದ್ದಿ ಇಲ್ಲಿಗೆ ಬಂದ ಮೇಲೆ ಇಲ್ಲಿಯ ಗಾಳಿಯೂ ಬಿಸಿಯಾಯಿತು. ನಾನು, ಹೆಂಡತಿ, ನಾಲ್ಕು ವರ್ಷದ ಮಗಳು. ಮನೆಯ ಮುಂದೆ ನನ್ನ ಹೆಸರಿನ ಫಲಕ, ಅದರಲ್ಲಿ ಊರಿನ ಹೆಸರೂ ಸೇರಿಕೊಂಡಿತ್ತು. ನೋಡಿದ ತಕ್ಷಣ ಕನ್ನಡದವರು ಅಂತ ಗೊತ್ತಾಗುವ ಹೆಸರು.

ನಮ್ಮ ಮನೆಯ ಮಾಲೀಕರು ಪೊನ್ಮಲೈ ರೈಲ್ವೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ತಮಿಳರು, ಕ್ಯಾಥೋಲಿಕರು. ಆ ವಾರ ಅವರು ಏನೂ ಹೇಳಲಿಲ್ಲ. ಸಂಜೆಯಾದರೆ ನಮ್ಮ ಬಾಗಿಲ ಮುಂದೆ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಪತ್ರಿಕೆ ಓದುತ್ತಾ. ರಾತ್ರಿ ಹನ್ನೊಂದರ ತನಕ ಏಳುತ್ತಿರಲಿಲ್ಲ. ನಾನು ಒಳಗೆ ಹೋಗಿ ಮಲಗಿ ಅಂದರೆ "ಸೆಕೆ" ಅನ್ನುತ್ತಿದ್ದರು. ಮಾರ್ಗಶಿರ ಮಾಸದಲ್ಲಿ ಎಂಥ ಸೆಕೆ! ಅವರ ಹೆಂಡತಿ ದಿನಾ ಬೆಳಿಗ್ಗೆ ಲೂರ್ದು ಮಾತೆಯ ಮುಂದೆ ನಮ್ಮ ಮೂವರ ಹೆಸರಿನಲ್ಲಿ ಮೂರು ಮೇಣದ ಬತ್ತಿ ಹಚ್ಚಿ ಬರುತ್ತಿದ್ದರು ಅನ್ನುವುದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅದೂ ಅವರ ಮಗಳ ಬಾಯಿಂದ.

ಆ ಮಾತೆ ನನ್ನ ದೇವರಲ್ಲ. ಮೇಣದ ಬತ್ತಿಯಿಂದ ಗಲಭೆ ನಿಲ್ಲುತ್ತೆ ಅಂತಲೂ ನಾನು ನಂಬುವವನಲ್ಲ. ಆದರೆ ಒಬ್ಬ ಹೆಂಗಸು ತನ್ನ ಪಾಲಿಗೆ ಅತ್ಯಂತ ಬೆಲೆಬಾಳುವ ಜಾಗದಲ್ಲಿ ನಮ್ಮ ಹೆಸರನ್ನು ಇಟ್ಟು ಬಂದಿದ್ದಳು. ಅವಳ ಜನ ನಮ್ಮ ಜನರ ಕೈಯಲ್ಲಿ ಪೆಟ್ಟು ತಿನ್ನುತ್ತಿದ್ದ ವಾರದಲ್ಲಿ. ಅಂದ ಮೇಲೆ ಆ ಜಾಗ ನನಗೆ ಏನೂ ಅಲ್ಲ ಅನ್ನಲು ಬರುತ್ತದೆಯೇ? ಬ್ಯಾಂಕಿನ ಲಾಕರಿನ ವಿಷಯ ಎಲ್ಲರಿಗೂ ಗೊತ್ತು. ಒಳಗೆ ಏನಿದೆ ಅಂತ ನಾವು ಕೇಳುವಂತಿಲ್ಲ, ತೆಗೆದು ನೋಡುವಂತಿಲ್ಲ. ಚಿನ್ನವೋ, ಹಳೆಯ ಪತ್ರಗಳೋ, ಸತ್ತ ಮಗುವಿನ ಕಾಲ್ಗೆಜ್ಜೆಯೋ. ಆದರೂ ಅದನ್ನು ಇಟ್ಟವರಿಗೆ ಅದು ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ಮೂವತ್ತೈದು ವರ್ಷ ಕಾವಲು ಕಾಯುತ್ತೇವೆ. ಅದು ನಾಟಕವಲ್ಲ, ಹೊಣೆ.

ಅಣ್ಣನ ಮಗನಿಗೆ ನಾನು ಕೊಟ್ಟ ಉತ್ತರ ಇಷ್ಟೆ: ಚರ್ಚಿನಲ್ಲಿ ಕೈ ಮುಗಿಯುವಾಗ ನಾನು ನಂಬಿದೆ ಅಂತ ಹೇಳುತ್ತಿಲ್ಲ, ಮುಟ್ಟಿತು ಅಂತ ಹೇಳುತ್ತಿದ್ದೇನೆ. ಸ್ವೀಕೃತಿಗೆ ಸಹಿ ಹಾಕಿದ ಹಾಗೆ. ಸುಳ್ಳಾಗುವುದು ಯಾವಾಗ ಅಂದರೆ ನಾನಲ್ಲದ್ದನ್ನು ನಾನು ಅಂತ ತೋರಿಸಿಕೊಂಡಾಗ. ಅದಕ್ಕೇ ಪ್ರಸಾದದ ರೊಟ್ಟಿ ಹಂಚುವ ಹೊತ್ತಿನಲ್ಲಿ ನಾನು ಎದ್ದು ಸಾಲಿನಲ್ಲಿ ನಿಲ್ಲುವುದಿಲ್ಲ, ಬೆಂಚಿನಲ್ಲೇ ಕೂತಿರುತ್ತೇನೆ. ಅದು ದೀಕ್ಷೆ ಪಡೆದವರಿಗೆ ಸೇರಿದ್ದು. ಇನ್ನೊಬ್ಬರ ದೇವರನ್ನು ಗೌರವಿಸುವುದು ಅಂದರೆ ಅದು ಇನ್ನೊಬ್ಬರದು ಅಂತ ನೆನಪಿಟ್ಟುಕೊಳ್ಳುವುದೂ ಹೌದು.

ಈ ಊರಿನ ಸುತ್ತಮುತ್ತ ಇಂಥ ವರ್ಗಾವಣೆಯ ದಾಖಲೆಗಳು ಕಲ್ಲಿನಲ್ಲೇ ಇವೆ. ತಿರುಚಿಯ ಕೋಟೆಯಲ್ಲಿ 1766ರಲ್ಲಿ ಚರ್ಚು ಕಟ್ಟಿಸಿದ ಶ್ವಾರ್ಟ್ಸ್ ಪಾದ್ರಿ ಆಮೇಲೆ ತಂಜಾವೂರಿನಲ್ಲಿ ನೆಲೆಸಿ 1798ರಲ್ಲಿ ತೀರಿಕೊಂಡರು. ತಂಜಾವೂರಿನ ಮರಾಠ ರಾಜ ಎರಡನೆಯ ಸರ್ಫೋಜಿಗೆ ಹುಡುಗನಾಗಿದ್ದಾಗ ಆಸರೆಯಾಗಿದ್ದವರು ಅವರು. ಸರ್ಫೋಜಿ ಲಂಡನ್ನಿನ ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ ಕೈಯಲ್ಲಿ ಅಮೃತಶಿಲೆಯ ಸ್ಮಾರಕ ಮಾಡಿಸಿ ತಂಜಾವೂರಿನ ಚರ್ಚಿನಲ್ಲಿ ಇಡಿಸಿದ. ಪಾದ್ರಿ ಸಾವಿನ ಹಾಸಿಗೆಯಲ್ಲಿ, ರಾಜ ಅವರ ಕೈ ಹಿಡಿದು ಪಕ್ಕದಲ್ಲಿ. ರಾಜ ಮತ ಬದಲಿಸಲಿಲ್ಲ. ತನ್ನ ದೇವರನ್ನು ಬಿಡಲೂ ಇಲ್ಲ, ಗುರುವಿನ ಋಣವನ್ನು ಮರೆಯಲೂ ಇಲ್ಲ. ಕರಾವಳಿಯ ನಾಗೂರು ದರ್ಗಾಕ್ಕೆ ಹೋದರೆ ಅಲ್ಲಿಯ ಅತಿ ಎತ್ತರದ ಮಿನಾರು ಕಟ್ಟಿಸಿದವನು ಅದೇ ವಂಶದ ಹಿಂದೂ ದೊರೆ ಪ್ರತಾಪಸಿಂಹ. ಇನ್ನು ನಮ್ಮ ನತ್ತರ್ ವಲಿ ದರ್ಗಾದಲ್ಲಿ, ಆರ್ಕಾಟಿನ ಗದ್ದುಗೆಗಾಗಿ ಹೊಡೆದಾಡಿದ ಚಂದಾ ಸಾಹೇಬ ಮತ್ತು ಮಹಮ್ಮದ್ ಅಲಿ ಇಬ್ಬರ ಗೋರಿಗಳೂ ಒಂದೇ ಆವರಣದಲ್ಲಿವೆ. ಇವರ ಜಗಳ ನಮ್ಮ ಮೈಸೂರಿನ ಸೈನ್ಯವನ್ನೂ ಈ ಊರಿನ ಬಾಗಿಲಿಗೆ ಎಳೆದು ತಂದಿತ್ತು.

ಹಾಗಾದರೆ ಈ ಪರಂಪರೆಯೆಲ್ಲ ಯಾರದು? ಈಗ ಎಲ್ಲೆಲ್ಲೂ ಕೇಳಿಬರುವ ಪ್ರಶ್ನೆ ಇದು. ನಂಬುವವರದು ಮಾತ್ರ ಅಂದರೆ ಉಳಿದವರು ಟಿಕೆಟ್ಟು ಕೊಂಡ ಪ್ರೇಕ್ಷಕರಾಗುತ್ತಾರೆ. ಎಲ್ಲರದು ಅಂದರೆ ದೇವರು ಮ್ಯೂಸಿಯಮ್ಮಿನ ವಸ್ತುವಾಗುತ್ತಾನೆ. ಎರಡೂ ಸರಿಹೊಂದುವುದಿಲ್ಲ. ಬ್ಯಾಂಕಿನಲ್ಲಿ ದೇವಸ್ಥಾನಗಳ ಖಾತೆ, ಚರ್ಚಿನ ಖಾತೆ, ವಕ್ಫ್ ಖಾತೆ ಎಲ್ಲ ನೋಡಿದ ನನಗೆ ಒಂದು ವಿಷಯ ಯಾವಾಗಲೂ ಸೋಜಿಗ ಹುಟ್ಟಿಸಿದೆ. ನಮ್ಮ ಕಾನೂನಿನಲ್ಲಿ ಪ್ರತಿಷ್ಠೆಯಾದ ದೇವರು ಒಬ್ಬ ವ್ಯಕ್ತಿ. ಆಸ್ತಿ ದೇವರ ಹೆಸರಿನಲ್ಲಿರುತ್ತದೆ, ದಾವೆಯೂ ದೇವರ ಹೆಸರಿನಲ್ಲಿ ನಡೆಯುತ್ತದೆ. ಆದರೆ ದೇವರು ಎಂದೆಂದಿಗೂ ಮೈನರು ಇದ್ದ ಹಾಗೆ, ವ್ಯವಹಾರ ನೋಡಿಕೊಳ್ಳುವವರು ಬೇರೆಯವರು. ವಕ್ಫ್ ಆಸ್ತಿಯೂ ಹಾಗೇ. ಅದು ಅಲ್ಲಾಹನಿಗೆ ಬಿಟ್ಟದ್ದು. ಮುತವಲ್ಲಿ ಬರೀ ನಿರ್ವಾಹಕ, ಒಡೆಯನಲ್ಲ. ಚರ್ಚಿನ ಪಾದ್ರಿಯೂ ಆಸ್ತಿಯ ಒಡೆಯನಲ್ಲ, ಇವತ್ತು ಇದ್ದು ನಾಳೆ ವರ್ಗವಾಗಿ ಹೋಗುವವರು. ಮೂರೂ ಧರ್ಮಗಳು ಬೇರೆ ಎಷ್ಟೋ ವಿಷಯದಲ್ಲಿ ಜಗಳವಾಡಬಹುದು. ಇದೊಂದರಲ್ಲಿ ಒಂದೇ ಮಾತು: ಮನುಷ್ಯ ಇಲ್ಲಿ ಒಡೆಯನಲ್ಲ. ನಾವು ಬರೀ ಒಡೆತನಕ್ಕಾಗಿ ಕಿತ್ತಾಡುತ್ತಿದ್ದೇವೆ.

ಒಡೆತನವಲ್ಲದಿದ್ದರೆ ಸಂಬಂಧ ಹೇಗೆ ಸಾಬೀತಾಗುತ್ತದೆ? ಇದಕ್ಕೆ ಶ್ರೀರಂಗದ ಪರಂಪರೆಯಲ್ಲೇ ಒಂದು ಕತೆ ಇದೆ. 1323ರಲ್ಲಿ ದೆಹಲಿ ಸುಲ್ತಾನರ ಸೈನ್ಯ ಶ್ರೀರಂಗದ ಮೇಲೆ ಬಿತ್ತು. ಭಕ್ತರು ಉತ್ಸವಮೂರ್ತಿಯನ್ನು ಎತ್ತಿಕೊಂಡು ಓಡಿದರು. ಕಾಡು ಮಲೆ ದಾಟಿ, ಕೇರಳದ ಕಡೆ ಹೋಗಿ, ನಮ್ಮ ಮೇಲುಕೋಟೆಯಲ್ಲಿ ಇದ್ದು, ತಿರುಪತಿಯಲ್ಲಿ ಇದ್ದು, ಕೊನೆಗೆ ವಿಜಯನಗರದ ಅಧಿಕಾರಿ ಗೋಪಣ್ಣನ ಕಾಲದಲ್ಲಿ, 1371ರಲ್ಲಿ, ಮೂರ್ತಿ ಮನೆಗೆ ಮರಳಿತು. ನಲವತ್ತೆಂಟು ವರ್ಷ ದೇವರೇ ಹೊರನಾಡಿನಲ್ಲಿದ್ದ! ಪರಸ್ಥಳದಲ್ಲಿ ಆಯುಷ್ಯ ಕಳೆದ ನಮ್ಮಂಥವರಿಗೆ ಈ ಕತೆ ಕೇಳಿದರೆ ಒಂದು ಥರಾ ಸಮಾಧಾನ.

ತೊಡಕು ಆಗಿದ್ದು ಮರಳಿದ ಮೇಲೆ. ಅಷ್ಟು ಹೊತ್ತಿಗೆ ಗುಡಿಯಲ್ಲಿ ಇನ್ನೊಂದು ಮೂರ್ತಿಗೆ ಪೂಜೆ ನಡೆಯುತ್ತಿತ್ತು. ಹಳೆಯ ಮೂರ್ತಿಯನ್ನು ಕಣ್ಣಾರೆ ಕಂಡವರು ಹೆಚ್ಚುಕಡಿಮೆ ಎಲ್ಲರೂ ಸತ್ತಿದ್ದರು. ಬಂದದ್ದು ನಿಜವಾದ ಮೂರ್ತಿಯೇ ಅಂತ ಹೇಳುವವರು ಯಾರು? ಆಗ ಮುಂದೆ ಬಂದವನು ಒಬ್ಬ ಮುದಿ ಮಡಿವಾಳ. ಕಣ್ಣು ಹೋಗಿತ್ತು. ಹಿಂದೆ ದೇವರ ಬಟ್ಟೆ ಒಗೆಯುತ್ತಿದ್ದವನು. ಎರಡು ಮೂರ್ತಿಗಳಿಗೂ ಅಭಿಷೇಕ ಮಾಡಿ ಒದ್ದೆ ಬಟ್ಟೆ ಕೊಡಿ ಅಂದ. ಹಿಂಡಿದ ನೀರನ್ನು ತೀರ್ಥವಾಗಿ ಕುಡಿದು, ಒಂದನ್ನು ತೋರಿಸಿ "ನಂಪೆರುಮಾಳ್", ಅಂದರೆ ಇವನೇ ನಮ್ಮ ಸ್ವಾಮಿ, ಅಂದನಂತೆ. ಇವತ್ತಿಗೂ ಆ ಉತ್ಸವಮೂರ್ತಿಗೆ ಅದೇ ಹೆಸರು.

ಇದು ಇತಿಹಾಸವೋ ಐತಿಹ್ಯವೋ ಅನ್ನುವ ಚರ್ಚೆ ಪಂಡಿತರಿಗೆ ಬಿಡೋಣ. ಪರಂಪರೆ ಈ ಕತೆಯನ್ನು ಬಿಡದೆ ಉಳಿಸಿಕೊಂಡಿದೆ ಅನ್ನುವುದೇ ನನಗೆ ಮುಖ್ಯ. ಬ್ಯಾಂಕಿನಲ್ಲಿ ಸಹಿ ಹೊಂದಿಸಿ ನೋಡುವುದು ನಮ್ಮ ದಿನನಿತ್ಯದ ಕೆಲಸ. ನಮೂನೆ ಸಹಿ ಕಾರ್ಡಿನಲ್ಲಿರುತ್ತೆ, ಅದರ ಪಕ್ಕ ಚೆಕ್ಕು ಇಟ್ಟು ನೋಡುತ್ತೇವೆ. ಇಲ್ಲಿ ಕಾರ್ಡು ಇರಲಿಲ್ಲ. ರಾಜನ ಶಾಸನ ಕೆಲಸಕ್ಕೆ ಬರಲಿಲ್ಲ, ಪಂಡಿತರ ಶ್ಲೋಕ ಕೆಲಸಕ್ಕೆ ಬರಲಿಲ್ಲ. ದೇವರನ್ನು ಗುರುತಿಸಿದ್ದು ಅವನ ಬಟ್ಟೆ ಒಗೆದವನ ನಾಲಿಗೆ. ಸಂಬಂಧಕ್ಕೆ ಸಾಕ್ಷಿ ಹಕ್ಕುಪತ್ರವಲ್ಲ, ಮಾಡಿದ ಸೇವೆ.

ಇಲ್ಲಿಗೇ ನಿಲ್ಲಿಸಿದರೆ ಲೇಖನ ಸುಖವಾಗಿ ಮುಗಿಯುತ್ತೆ. ಆದರೆ ಲೆಕ್ಕಪತ್ರಕ್ಕೆ ಎರಡು ಕಡೆ ಇರುತ್ತವೆ, ಜಮೆಯ ಕಡೆ ಮಾತ್ರ ಓದಿ ಬಾಲೆನ್ಸ್ ಶೀಟು ಮಡಚಿಡುವುದು ನನ್ನಿಂದ ಆಗದು. ಬಟ್ಟೆ ಒಗೆದವನ ಸಾಕ್ಷಿ ಬೇಕಾಗಿತ್ತು, ಸರಿ. ಅವನಂಥವರಿಗೆ ಬಾಗಿಲು ತೆರೆದಿತ್ತೇ? ಇದೇ ತಿರುಚಿಯ ಭಾಗವಾಗಿರುವ ಉರೈಯೂರಿನಲ್ಲಿ ತಿರುಪ್ಪಾಣಾಳ್ವಾರ್ ಹುಟ್ಟಿದರು. ಪಾಣರ ಕುಲದವರು. ಗುಡಿಯ ಒಳಗೆ ಕಾಲಿಡದೆ ಕಾವೇರಿಯ ದಡದಲ್ಲೇ ನಿಂತು ರಂಗನನ್ನು ಹಾಡುತ್ತಿದ್ದವರು. ನೀರಿಗೆ ಬಂದ ಲೋಕಸಾರಂಗ ಎಂಬ ಅರ್ಚಕ, ದಾರಿ ಬಿಡಲಿಲ್ಲ ಅಂತ ಅವರ ಮೇಲೆ ಕಲ್ಲು ಎಸೆದನಂತೆ. ಆಮೇಲೆ ರಂಗನಾಥನ ಅಪ್ಪಣೆಯಂತೆ ಅದೇ ಅರ್ಚಕ ಅವರನ್ನು ಹೆಗಲ ಮೇಲೆ ಹೊತ್ತು ಗರ್ಭಗುಡಿಗೆ ಕರೆದುಕೊಂಡು ಹೋದ. ಉಡುಪಿಯ ಕನಕನ ಕಿಂಡಿ ಬಲ್ಲ ನಮಗೆ ಈ ಕತೆ ಹೊಸದಲ್ಲ. ಇಲ್ಲಿ ದೇವರು ತಿರುಗಲಿಲ್ಲ, ಅರ್ಚಕನೇ ಬಾಗಿದ. ಆದರೂ ಹೆಗಲೇರಿ ಒಳಗೆ ಹೋದವರು ಒಬ್ಬರೇ. ಅವರ ಕುಲದವರಿಗೆ ತಮಿಳುನಾಡಿನ ದೊಡ್ಡ ಗುಡಿಗಳ ಬಾಗಿಲು ತೆರೆಯಲು 1939ರ ಮಧುರೆಯ ಪ್ರವೇಶದ ತನಕ ಕಾಯಬೇಕಾಯಿತು.

ಚರ್ಚುಗಳಲ್ಲಿ ಹೀಗಿರಲಿಲ್ಲ ಅಂದುಕೊಳ್ಳಬೇಡಿ. ಜಾತಿಗೊಂದು ಸಾಲು, ಜಾತಿಗೊಂದು ಬಟ್ಟಲು ಅಲ್ಲೂ ನಡೆಯಿತು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್, ಚರ್ಚಿನೊಳಗೆ ಜಾತಿ ಕೂಡದು ಅಂತ ಆಜ್ಞೆ ಹೊರಡಿಸಿದಾಗ ತಂಜಾವೂರಿನ ಕಡೆ ಎಷ್ಟೋ ಜನ ಚರ್ಚನ್ನೇ ಬಿಟ್ಟು ಎದ್ದುಹೋದರು. ಜಾತಿ ಬಿಡುವುದಕ್ಕಿಂತ ದೇವರ ಮನೆ ಬಿಡುವುದು ಅವರಿಗೆ ಸುಲಭವಾಯಿತು.

ಇನ್ನು ನನ್ನದೇ ಖಾತೆಯ ಖರ್ಚಿನ ಕಡೆ. ಶ್ರೀರಂಗದ ಗುಡಿಯಲ್ಲಿ ತುಲುಕ್ಕ ನಾಚ್ಚಿಯಾರ್ ಸನ್ನಿಧಿ ಇದೆ. ಸುಲ್ತಾನನ ಮಗಳೊಬ್ಬಳು ದೇವರ ಮೂರ್ತಿಗೆ ಮನಸೋತು ಹಿಂದೆಯೇ ಬಂದಳು ಅನ್ನುವ ಕತೆ. ಮೇಲುಕೋಟೆಯಲ್ಲಿ ಅವಳೇ ನಮ್ಮ ಬೀಬಿ ನಾಚ್ಚಿಯಾರ್. ಇಲ್ಲಿ ಅವಳಿಗೆ ವಿಗ್ರಹವಿಲ್ಲ, ಚಿತ್ರವಿದೆ. ಅವಳ ಸಲುವಾಗಿ ರಂಗನಾಥನಿಗೆ ರೊಟ್ಟಿ ನೈವೇದ್ಯ. ದಾಳಿಯ ಗಾಯ ಮರೆಯದ ಜನ, ಅದೇ ಕಡೆಯ ಒಬ್ಬ ಮಗಳಿಗೆ ಗುಡಿಯಲ್ಲಿ ಜಾಗ ಮಾಡಿಕೊಟ್ಟರು. ಇದಕ್ಕಿಂತ ದೊಡ್ಡ ಮನಸ್ಸು ಎಲ್ಲಿದೆ? ಆದರೆ ಚಿತ್ರದಲ್ಲಿರುವವಳಿಗೆ ಇರುವ ಜಾಗ ಜೀವಂತ ನೆರೆಯವರಿಗೆ ಇಲ್ಲ. ಇಲ್ಲಿನ ದೊಡ್ಡ ದೇವಸ್ಥಾನಗಳಲ್ಲಿ ಬೇರೆ ಧರ್ಮದವರು ಒಂದು ಗಡಿಯ ತನಕ ಬರಬಹುದು, ಅಲ್ಲಿಂದ ಮುಂದೆ ಇಲ್ಲ. ನಮ್ಮ ಮನೆಯ ಮಾಲೀಕರು ಎಷ್ಟೋ ಸಲ ನಮ್ಮ ಜೊತೆ ಬಂದು ಆ ಗಡಿಯಲ್ಲಿ, ಕಂಬದ ಪಕ್ಕ ನಿಂತಿದ್ದಾರೆ. ನಾವು ದರ್ಶನ ಮುಗಿಸಿ ಬರುವ ತನಕ ಮಗಳ ನೀರಿನ ಬಾಟಲಿ ಹಿಡಿದುಕೊಂಡು. ಅವರ ಚರ್ಚಿನಲ್ಲಿ ನಾನು ಮುಂದಿನ ಬೆಂಚಿನ ತನಕ ಹೋಗುತ್ತೇನೆ, ನಮ್ಮ ಗುಡಿಯಲ್ಲಿ ಅವರು ಕಂಬದ ಹತ್ತಿರ ನಿಲ್ಲುತ್ತಾರೆ. ಒಮ್ಮೆ ನಾನು ಇದನ್ನು ಎತ್ತಿದಾಗ ಅವರು ನಕ್ಕು, "ನಿಮ್ಮ ದೇವರು ಮಲಗಿದ್ದಾರೆ, ನಮ್ಮವರು ನಿಂತಿದ್ದಾರೆ. ಮಲಗಿದವರ ಕೋಣೆಗೆ ಹೊರಗಿನವರನ್ನ ಬಿಡ್ತಾರಾ?" ಅಂದರು. ಅವರು ದೊಡ್ಡವರಾದರು. ಅವರ ದೊಡ್ಡತನದಿಂದ ನನ್ನ ಕಡೆಯ ಬಾಕಿ ವಜಾ ಆಗುವುದಿಲ್ಲ.

ನಿಯಮ ಮುರಿದು ಅವರನ್ನು ಒಳಗೆ ನುಗ್ಗಿಸಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಒಂದು ಗುಡಿಯ ಒಳಮನೆಗೆ ಅದರದೇ ಮಡಿ ಇರಬಹುದು, ಬಟ್ಟಲಿನ ರೊಟ್ಟಿ ದೀಕ್ಷೆ ಪಡೆದವರಿಗೆ ಮಾತ್ರ ಇರುವ ಹಾಗೆ. ನಾನು ಹೇಳುವುದು ಬೇರೆ. ಗಡಿ ಎಳೆಯುವ ಪ್ರತಿ ಪರಂಪರೆಯೂ ಆ ಗಡಿಯಾಚೆ ನಿಂತು ತನಗೆ ಸೇವೆ ಮಾಡಿದವರ ಪಟ್ಟಿಯನ್ನು ಇಟ್ಟುಕೊಳ್ಳಬೇಕು, ಆಗಾಗ ತೆಗೆದು ಓದಬೇಕು. ಬಟ್ಟೆ ಒಗೆದವರು, ಹೂವು ಬೆಳೆದವರು, ತೇರು ಎಳೆದವರು, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತವರು. ಆ ಪಟ್ಟಿಯಲ್ಲಿ ಇದ್ದು ಗಡಿಯ ಈಚೆಗೆ ಬರಲಾಗದವರು ಯಾರ್ಯಾರು ಅಂತ ಕೇಳಿಕೊಂಡರೆ, ಯಾವ ಗಡಿ ಮಡಿಗಾಗಿ ಇದೆ, ಯಾವುದು ಬರೀ ಹಮ್ಮಿಗಾಗಿ ಇದೆ ಅನ್ನುವುದು ತಾನಾಗಿ ಗೊತ್ತಾಗುತ್ತೆ. ತಿರುಪ್ಪಾಣಾಳ್ವಾರರ ಕಾಲದ ಗಡಿ ಎರಡನೆಯ ಜಾತಿಯದ್ದು ಅಂತ ಇವತ್ತು ಯಾರಿಗೂ ಅನುಮಾನವಿಲ್ಲ. ಇವತ್ತಿನ ಗಡಿಗಳಲ್ಲಿ ಯಾವುದು ಯಾವ ಜಾತಿಯದ್ದು ಅನ್ನುವುದನ್ನು ನಾವು ನೋಡಬೇಕು, ಮುಂದಿನವರಿಗೆ ಬಿಡಬಾರದು.

ಊರಿನಲ್ಲಿರುವ ಓದುಗರಿಗೆ ಒಂದು ಮಾತು. ನಾವು ಹೊರನಾಡಿಗರು ಪರಸ್ಥಳದಲ್ಲಿ ಕೊನೆಯ ತನಕ ಹೊರಗಿನವರೇ ಅಂತ ನೀವು ಅಂದುಕೊಂಡಿದ್ದೀರಿ, ಎಷ್ಟೋ ಸಲ ನಾವೂ ಅಂದುಕೊಳ್ಳುತ್ತೇವೆ. ಆದರೆ ನೀವು ಇಲ್ಲಿ ಬಂದು ಸ್ವಲ್ಪ ನೋಡಿದರೆ ತಿಳಿಯುತ್ತೆ. ಇಲ್ಲಿಂದ ಸ್ವಲ್ಪ ದೂರದ ಸಮಯಪುರದ ಹತ್ತಿರ ಕಣ್ಣನೂರು ಇದೆ. ಹದಿಮೂರನೆಯ ಶತಮಾನದಲ್ಲಿ ಅದು ನಮ್ಮ ಹೊಯ್ಸಳರ ದಕ್ಷಿಣದ ರಾಜಧಾನಿ, ವೀರ ಸೋಮೇಶ್ವರ ಅಲ್ಲಿಂದಲೇ ಆಳಿದ. ಅದೇ ರೀತಿ ಶ್ರೀರಂಗದ ರಾಮಾನುಜರು ಕಷ್ಟಕಾಲದಲ್ಲಿ ನಮ್ಮ ತೊಂಡನೂರು, ಮೇಲುಕೋಟೆಗೆ ಬಂದು ವರ್ಷಗಟ್ಟಲೆ ಇದ್ದರು. ಅರಸ ಆಳಲು ಬಂದ, ಆಚಾರ್ಯರು ಆಶ್ರಯಕ್ಕೆ ಬಂದರು. ಇವತ್ತು ಕಣ್ಣನೂರಿನಲ್ಲಿ ಹೊಯ್ಸಳರ ಹೆಸರು ಹೇಳುವವರು ಕಡಿಮೆ. ಮೇಲುಕೋಟೆಯಲ್ಲಿ ರಾಮಾನುಜರ ಹೆಸರಿಲ್ಲದೆ ಬೆಳಗಾಗುವುದಿಲ್ಲ. ಆಳಿದವರಿಗಿಂತ ಸೇವೆ ಮಾಡಿದವರೇ ಪರಊರಿನಲ್ಲಿ ಹೆಚ್ಚು ಕಾಲ ಉಳಿಯುತ್ತಾರೆ.

ನಿಮ್ಮ ಊರುಗಳಿಗೂ ಈಗ ಹೊರಗಿನವರು ಬಂದಿದ್ದಾರೆ. ಬಿಹಾರದವರು, ಒಡಿಶಾದವರು, ಅಸ್ಸಾಮಿನವರು, ಮೊದಲಿನಿಂದಲೂ ಇದ್ದ ತಮಿಳರು, ತೆಲುಗರು. ನಿಮ್ಮ ಗುಡಿಯ ಕಲ್ಲು ಹೊರುವವರಲ್ಲಿ, ಜಾತ್ರೆಯ ಪೆಂಡಾಲು ಕಟ್ಟುವವರಲ್ಲಿ, ಹಬ್ಬದ ಮರುದಿನ ಬೀದಿ ಗುಡಿಸುವವರಲ್ಲಿ ಅವರಿದ್ದಾರೆ. ಅವರು ನಿಮ್ಮ ದೇವರ ಮುಂದೆ, ನಿಮ್ಮ ಚರ್ಚಿನ ಮುಂದೆ, ನಿಮ್ಮ ದರ್ಗಾದ ಮುಂದೆ ಅನುಮಾನದಿಂದ ಕೈ ಮುಗಿದು ನಿಂತಿರುವುದನ್ನು ಕಂಡರೆ, ಇವನಿಗೆ ನಂಬಿಕೆ ಇದೆಯೇ, ಇವನು ನಮ್ಮವನೇ ಅಂತ ಕೇಳಬೇಡಿ. ಇವನು ಏನು ಮಾಡಿಕೊಟ್ಟಿದ್ದಾನೆ, ನಾವು ಅದಕ್ಕೆ ಸ್ವೀಕೃತಿ ಬರೆದುಕೊಟ್ಟಿದ್ದೇವೆಯೇ ಅಂತ ಕೇಳಿಕೊಳ್ಳಿ. ಎಂದಾದರೂ ಒಂದು ದಿನ ನಮ್ಮ ದೇವರು ಯಾರು ಅಂತ ನಮಗೇ ಗುರುತು ಸಿಗದೆ ಹೋದರೆ, ಹೇಳಲು ಅಂಥವನೇ ಬರಬೇಕಾದೀತು.